ಜಗಲಿಯ ಮೇಲೆ ಉಳಿದ ದೇವರು

2023ರ ನವೆಂಬರ್ 17, ಶುಕ್ರವಾರ, ಬೆಳಗಿನ ಹನ್ನೊಂದೂವರೆ. ಗದಗಿನ ಒಂದು ಗೃಹಸಾಲ ಕಂಪನಿಯಲ್ಲಿ ನಾನು ಸ್ಥಳ ಪರಿಶೀಲಕನಾಗಿ ಸೇರಿ ಆಗ ಎರಡನೆಯ ವರ್ಷ. ಸಾಲ ಕೇಳಿದವರು ಕೊಳ್ಳಲಿರುವ ಮನೆಗೆ ಹೋಗಿ, ಅಳೆದು, ಫೋಟೊ ತೆಗೆದು, ಅಲ್ಲಿ ಯಾರಿದ್ದಾರೆಂದು ವರದಿ ಬರೆಯುವುದು ನನ್ನ ಕೆಲಸ. ಅಂದಿನ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.

ಕೊಳ್ಳುವವರು ಬಸವರಾಜ ಮತ್ತು ಸವಿತಾ. ಮದುವೆಯಾಗಿ ಆರು ತಿಂಗಳಾಗಿತ್ತು. ಅವನು ಲೇಥ್ ವರ್ಕ್‌ಶಾಪಿನಲ್ಲಿ. ಲಕ್ಷ್ಮೇಶ್ವರದ ಮಗಳಾದ ಅವಳು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇಬ್ಬರ ಗಳಿಕೆ ಸೇರಿ ತಿಂಗಳಿಗೆ 38,000, ಕಂತು 13,500. ಲೆಕ್ಕ ಸರಿಹೋಗುತ್ತಿತ್ತು. ಆದರೆ ಸವಿತಾಳ ಬಂಗಾರ ಅಡವಿಟ್ಟು ಎರಡು ಲಕ್ಷ ಸಂಚಕಾರ, ಅಂದರೆ ಮುಂಗಡ, ಆಗಲೇ ಕೊಟ್ಟಿದ್ದರು. ಜನವರಿಯೊಳಗೆ ಉಳಿದ ಹಣ ಕೊಡದಿದ್ದರೆ ಸಂಚಕಾರ ಮರಳಿ ಸಿಗದು ಎಂದು ಕರಾರು. ಸಾಲ ನಿಂತರೆ ಬಂಗಾರ ಹೋದಂತೆ.

ಮಾರುವವನು ಶಿರಹಟ್ಟಿಯಲ್ಲಿ ನೆಲೆಸಿದ ಚನ್ನಪ್ಪ. ತಂದೆಯ ಮನೆ, ತಾನೊಬ್ಬನೇ ವಾರಸುದಾರ, ಮೂರು ವರ್ಷದಿಂದ ಬೀಗ ಹಾಕಿದೆ ಎಂದ. ಕಾಗದಗಳೂ ಹಾಗೇ ಹೇಳುತ್ತಿದ್ದವು. ಆದರೆ ಒಳಕೋಣೆಯ ಜಗಲಿಯ, ಅಂದರೆ ದೇವರ ಕಟ್ಟೆಯ, ಮೇಲೆ ಮನೆದೇವರು ಕುಳಿತಿದ್ದರು. ಬತ್ತಿ ಎಣ್ಣೆಯಲ್ಲಿ ತೊಯ್ದಿತ್ತು, ಹೂವು ಬಾಡಿರಲಿಲ್ಲ. ನಮ್ಮ ಕಡೆ ಮನೆ ಮಾರುವವರು ಮಾತು ಮುಗಿದ ಕೂಡಲೇ ಮೊದಲು ಒಯ್ಯುವುದು ದೇವರನ್ನು.

ಗಂಡನ ಜೊತೆ ಬಂದಿದ್ದ ಸವಿತಾಳೂ ಅದನ್ನೇ ನೋಡುತ್ತಿದ್ದಳು. ಚನ್ನಪ್ಪನ ಕಡೆ ತಿರುಗಿದಳು.

“ಕಾಕಾರ, ಸಂಚಕಾರ ತಗೊಂಡು ತಿಂಗಳಾತು. ದೇವರನ್ನ ಇನ್ನೂ ಒಯ್ದಿಲ್ಲಲ್ರಿ?”

“ಛಲೋ ದಿನ ನೋಡಿ ಒಯ್ತೀನವಾ.”

“ಮತ್ತ ಬೀಗ ಹಾಕಿದ ಮನ್ಯಾಗ ಹೂವು ಯಾರು ಇಟ್ರು? ದೇವರು ತಾನ ಏರಿಸಿಕೊಂಡ್ನೇನು?”

ಚನ್ನಪ್ಪ ಹೊರಗೆ ನಡೆದ. ವರದಿ ಇವತ್ತೇ ಬರೆಯಲಾರೆ ಎಂದು ನಾನು ಹೇಳಿದಾಗ ಬಸವರಾಜ ಸಿಟ್ಟಾದ.

“ಸಾಹೇಬ್ರ, ನೀವು ಕಾಗದಾ ನೋಡಿ ಲೋನ್ ಕೊಡ್ತೀರೋ, ಬತ್ತಿ ನೋಡಿ ಕೊಡ್ತೀರೋ? ತಡ ಆದ್ರ ಮುಳುಗೋದು ನಮ್ಮ ರೊಕ್ಕ.”

ಅವನ ಮಾತು ತಪ್ಪಲ್ಲ. ಕಂಪನಿಯ ನಮೂನೆಯಲ್ಲಿ ಜಗಲಿಗೆ ಕಾಲಂ ಇಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ, ಯಾರಿಗೂ ಹೇಳದೆ ಮತ್ತೆ ಹೋದೆ. ಬಾಗಿಲು ತೆರೆದಿತ್ತು. ವಯಸ್ಸಾದ ಹೆಂಗಸೊಬ್ಬರು ದೀಪ ಹಚ್ಚುತ್ತಿದ್ದರು. ಹೆಸರು ಗೌರವ್ವ, ಚನ್ನಪ್ಪನ ತೀರಿಹೋದ ಅಣ್ಣನ ಹೆಂಡತಿ. ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿರುತ್ತಾರೆ. ಇನ್ನೊಂದು ಕೀಲಿ ಅವರ ಬಳಿಯಿತ್ತು.

“ಬಾಡಿಗಿಗೆ ಬರೋರೇನ್ ತಮ್ಮಾ? ಬಾಡಿಗಿಗೆ ಕೊಡ್ತೀನಿ ವೈನಿ ಅಂತ ಮೈದುನ ಹೇಳ್ಯಾನ.”

“ಮಾರಾಕ ಮಾತು ನಡದೈತ್ರಿ ಅವ್ವಾ.”

ಅವರು ಕಡ್ಡಿಪೆಟ್ಟಿಗೆ ಕೆಳಗಿಟ್ಟರು. “ನನ್ನ ಒಂದ್ ಮಾತು ಕೇಳದ? ಇದರಾಗ ನಮ್ಮ ಮನಿಯವರ ಪಾಲು ಐತಿ.”

ಆಗ ಅರ್ಥವಾಯಿತು. ದೇವರನ್ನು ಎತ್ತಿದ ದಿನವೇ ಮನೆ ಮಾರುವ ವಿಷಯ ವೈನಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಅವನು ಬಿಟ್ಟಿದ್ದ.

ಫೋನಿನಲ್ಲಿ ಚನ್ನಪ್ಪ, “ಅಣ್ಣ ಇದ್ದಾಗನ ಅವನ ಪಾಲಿನ ರೊಕ್ಕ ಮುಟ್ಟಿಸೀನಿ. ಅಣ್ಣತಮ್ಮರ ನಡುವ ಎಂಥಾ ಕಾಗದಾ?” ಎಂದ. ಇಬ್ಬರಲ್ಲಿ ಯಾರ ಮಾತು ಖರೆಯೋ ಇಂದಿಗೂ ನಾನು ಹೇಳಲಾರೆ. ಗೌರವ್ವನವರ ಒಪ್ಪಿಗೆ ಪತ್ರ ಬರುವವರೆಗೆ ಸಾಲ ತಡೆಹಿಡಿಯಬೇಕು ಎಂದು ವರದಿ ಬರೆದೆ. ಆ ಪತ್ರ ಬರಲೇ ಇಲ್ಲ.

ಸವಿತಾ ಶಿರಹಟ್ಟಿಗೆ ಹೋಗಿ ಚನ್ನಪ್ಪನ ಪಡಸಾಲೆಯಲ್ಲಿ ದಿನವಿಡೀ ಕುಳಿತ ಮೇಲೆ ಒಂದು ಲಕ್ಷ ಮರಳಿತು. ಉಳಿದ ಲಕ್ಷ ಇನ್ನೂ ಬಂದಿಲ್ಲ. ಬಸವರಾಜ ಎದುರಾದರೆ ನನ್ನನ್ನು ಮಾತನಾಡಿಸುವುದಿಲ್ಲ.

ಹೊಸದಾಗಿ ಮದುವೆಯಾದವರು ಬಂದರೆ ನಾನೀಗ ಕಂತಿನ ಲೆಕ್ಕಕ್ಕೂ ಮೊದಲು ಹೇಳುವುದು ಇದು: ಸಂಚಕಾರ ಕೊಡುವ ಮುನ್ನ, ಮಾರುವವನಿಲ್ಲದ ಹೊತ್ತಿನಲ್ಲಿ ಒಮ್ಮೆ ಆ ಓಣಿಗೆ ಹೋಗಿ, ನೆರೆಯವರನ್ನು ಮಾತನಾಡಿಸಿ.

ಹೋದ ವಾರ ಆ ಓಣಿಯಲ್ಲಿ ಕೇಳಿದೆ: ಚನ್ನಪ್ಪ ಅದೇ ಮನೆಯನ್ನು ಮುಂಡರಗಿ ಕಡೆಯ ಹೊಸ ಜೋಡಿಯೊಂದಕ್ಕೆ ತೋರಿಸಿದ್ದಾನಂತೆ. ಅವರು ನಮ್ಮ ಶಾಖೆಗೆ ಬಂದಿಲ್ಲ, ಹೆಸರೂ ಸಿಗಲಿಲ್ಲ. ಬೆಟಗೇರಿಯಲ್ಲಿ ನೇಕಾರರ ಹಳೆಯ ಮನೆ ನೋಡಿ ಬಂದ ಆ ಜೋಡಿಯನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಅದಕ್ಕೂ ಮೊದಲು, ಬಂಗಾರ ಅಡವಿಡಬೇಡಿ ಎಂದು ಅವರಿಗೆ ಹೇಳಿ.