ಹಾಡಿನ ಪಿರಿಯಡ್ ಇದ್ದ ವರ್ಷ

ಮೇ ತಿಂಗಳ ಕೊನೆ. ಶಾಲೆ ತೆರೆಯಲು ಇನ್ನೂ ಕೆಲವು ದಿನಗಳಿದ್ದವು. ನಮ್ಮ ಹೆಡ್ ಮೇಡಂ ಫೋನ್ ಮಾಡಿ, "ನಾಳೆ ಒಂದ್ಸಲ ಶಾಲೆಗೆ ಬಂದ್ಹೋಗ್ರಿ. ಗಣಿತದ ಸರ್‌ಗೂ ಹೇಳೀನಿ" ಎಂದರು. ನಾನು ದಾವಣಗೆರೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಹರಿಹರದಲ್ಲಿ. ರಜೆಯಲ್ಲೂ ಬಸ್ಸು ಹತ್ತಬೇಕಲ್ಲ ಎಂದು ಗೊಣಗುತ್ತಲೇ ಹೋದೆ.

ಹತ್ತನೇ ತರಗತಿಯ ಕೋಣೆಯಲ್ಲಿ ಮೇಡಂ ಸೀಮೆಸುಣ್ಣ ಹಿಡಿದು ನಿಂತಿದ್ದರು. ಹಳೇ ದಾವಣಗೆರೆಯ ಬಟ್ಟೆ ವ್ಯಾಪಾರದ ಮನೆತನದವರು ಅವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಆಡಿ ಬೆಳೆದವರು. ಸಿಟ್ಟು ಬಂದರೆ ಎರಡನ್ನೂ ಬಿಟ್ಟು ಸುಮ್ಮನಾಗಿಬಿಡುತ್ತಿದ್ದರು. ಅವತ್ತು ಬೋರ್ಡಿನ ತುಂಬ ಚೌಕ ಹಾಕಿ, ಹಿಂದಿನ ವರ್ಷ ಹತ್ತನೇ ತರಗತಿಯ ಮಕ್ಕಳು ಒಂದು ವಾರವನ್ನು ಹೇಗೆ ಕಳೆದರೆಂದು ಬರೆದಿದ್ದರು. ಗಣಿತ, ವಿಜ್ಞಾನ, ಇಂಗ್ಲಿಷ್, ಮತ್ತೆ ಗಣಿತ. ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ದೈಹಿಕ ಶಿಕ್ಷಣ, ಚಿತ್ರಕಲೆ ಎಂದು ಹೆಸರಿಗೆ ಇದ್ದ ಪಿರಿಯಡ್‌ಗಳೂ ದಸರಾ ರಜೆ ಮುಗಿಯುವುದರೊಳಗೆ ನಮ್ಮ ನಮ್ಮ ಪಾಠಗಳಿಗೆ ಹಂಚಿಹೋಗಿದ್ದವು.

"ನೋಡ್ರಿ, ಈ ಮಗು ಸೋಮವಾರ ಬಂದು ಕುಂತ್ರೆ ಶನಿವಾರದ ತನಕ ಎದ್ದೇಳೋದು ಊಟಕ್ಕೆ ಮಾತ್ರ" ಎಂದರು ಮೇಡಂ. "ಅದರ ಕೈಗೆ ಏನು ಕಲಿಸಿದ್ವಿ? ಕಾಲಿಗೆ ಏನು ಕಲಿಸಿದ್ವಿ? ಈ ವರ್ಷ ವಾರ ಪೂರ್ತಿ ಹೊಸದಾಗಿ ಕಟ್ಟೋಣ."

ಗಣಿತದ ಸರ್ ಜಗಳೂರು ಕಡೆಯವರು. ಮಕ್ಕಳಿಗೆ ಅವರೆಂದರೆ ಇಷ್ಟ. ಆದರೆ ಫಲಿತಾಂಶದ ಸಭೆ ಎಂದರೆ ಅವರಿಗೇ ಜ್ವರ ಬರುತ್ತಿತ್ತು. "ಮೇಡಂ, ರಿಸಲ್ಟ್ ಕಮ್ಮಿ ಆದ್ರೆ ಮೀಟಿಂಗ್‌ನಾಗೆ ಎದ್ದು ನಿಲ್ಸೋದು ನನ್ನ. ಆಟ ಯಾಕ ಆಡಿಸ್ಲಿಲ್ಲ ಅಂತ ಇಲ್ಲೀತನಕ ಒಬ್ರೂ ಕೇಳಿಲ್ಲ" ಎಂದರು.

"ಅದಕ್ಕೇ ನಾ ಕೇಳ್ತಾ ಇದೀನಿ ಸರ್."

ಮಧ್ಯಾಹ್ನದವರೆಗೂ ಬರೆದೆವು, ಅಳಿಸಿದೆವು. ಆಟದ ಪಿರಿಯಡ್‌ಗಳು ವಾಪಸು ಬಂದವು. ಚಿತ್ರಕಲೆಗೆ ಮೇಷ್ಟರಿದ್ದರು, ಅವರ ಪಾಲು ಅವರಿಗೆ ಸಿಕ್ಕಿತು. ಗ್ರಂಥಾಲಯದ ಬೀರುವಿನ ಬೀಗ ತೆಗೆದು ಮಕ್ಕಳ ಕೈಗೆ ಪುಸ್ತಕ ಕೊಡಲು ಒಂದು ಪಿರಿಯಡ್, ಹಿತ್ತಿಲಲ್ಲಿ ಮಡಿ ಮಾಡಿ ಸೊಪ್ಪು ಬೆಳೆಯಲು ಒಂದು. ಗಣಿತದ ಸರ್ ಒಂದೊಂದು ಪಿರಿಯಡ್ ಬಿಟ್ಟುಕೊಡುವಾಗಲೂ ನಿಟ್ಟುಸಿರು ಬಿಡುತ್ತಿದ್ದರು. ನಾನು ನನ್ನ ಇತಿಹಾಸದಿಂದಲೂ ಒಂದನ್ನು ಕೊಟ್ಟೆ. ಕೊನೆಗೆ ಬುಧವಾರದ ಕೊನೆಯ ಚೌಕ ಖಾಲಿ ಉಳಿಯಿತು.

"ಇದಕ್ಕೇನು ಹಾಕೋಣ?" ಎಂದರು ಮೇಡಂ.

"ಸಂಗೀತ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಅದೇ ಕಾದು ಕುಳಿತಿದ್ದಂತೆ ಬಾಯಿಂದ ಬಂತು.

ಗಣಿತದ ಸರ್ ನಕ್ಕರು. "ಮೇಷ್ಟ್ರು ಎಲ್ಲಿದಾರ್ರೀ? ಆ ಹುದ್ದೆ ಹೋಗಿ ಎಷ್ಟು ಕಾಲ ಆತು. ಹಾರ್ಮೋನಿಯಂ ಸ್ಟೋರ್‌ರೂಮಿನಾಗೆ ಮುರಿದ ಬೆಂಚಿನ ಕೆಳಗೆ ಐತೆ."

ಮೇಷ್ಟರು ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಹರಿಹರದಲ್ಲಿ ನಾನು ಹೈಸ್ಕೂಲು ಓದುವಾಗ ನಮಗೊಬ್ಬರು ಸಂಗೀತದ ಟೀಚರ್ ಇದ್ದರು. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಬಿಗಿಯಾಗಿ ಕಟ್ಟಿದ ತುರುಬು. ಅವರು ಬಾಯಿ ತೆರೆದರೆ ಪಕ್ಕದ ಕೋಣೆಯ ಲೆಕ್ಕದ ಪಾಠ ಅರೆಗಳಿಗೆ ನಿಲ್ಲುತ್ತಿತ್ತು. ನನಗೆ ಹಾಡಲು ಬರುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ. ಆದರೆ ಎಲ್ಲರೂ ಒಟ್ಟಿಗೆ ಎತ್ತಿಕೊಂಡಾಗ ನನ್ನ ಒಡಕು ದನಿಯೂ ಅದರೊಳಗೆ ಸೇರಿ, ಎಲ್ಲಿ ಹೋಯಿತೆಂದು ನನಗೇ ತಿಳಿಯುತ್ತಿರಲಿಲ್ಲ. ನಾನೂ ಚೆನ್ನಾಗಿ ಹಾಡುತ್ತೇನೆ ಅನ್ನಿಸುತ್ತಿತ್ತು. ಆಮೇಲೆ ಬದುಕಿನಲ್ಲಿ ಏನೇನೋ ಸಿಕ್ಕಿತು, ಆ ಅನ್ನಿಸಿಕೆ ಮಾತ್ರ ಮತ್ತೆ ಸಿಗಲಿಲ್ಲ. ನಮ್ಮ ಶಾಲೆಯ ಮಕ್ಕಳು ಬೆಳಗಿನ ಪ್ರಾರ್ಥನೆಯನ್ನು ಧ್ವನಿವರ್ಧಕದ ಹಿಂದೆ ತುಟಿಯಾಡಿಸಿ ಮುಗಿಸುವುದನ್ನು ನೋಡುವಾಗ ಅದು ನೆನಪಾಗುತ್ತಿತ್ತು.

ಮಾರನೆಯ ದಿನ ಟೀಚರ್ ಮನೆಗೆ ಹೋದೆ. ದೇವಸ್ಥಾನದ ಹಿಂದಿನ ಓಣಿಯಲ್ಲಿ, ಹೊಳೆಯ ಗಾಳಿ ಬರುವ ಪುಟ್ಟ ಮನೆ. ಗಂಡ ತೀರಿಕೊಂಡಿದ್ದರು, ಮಗಳು ಶಿವಮೊಗ್ಗದಲ್ಲಿ. ಬಾಗಿಲು ತೆರೆದವರು, "ಬಾರವ್ವ, ಒಳಗ ಬಾ" ಎಂದರು. ನಾನು ಹೊಸ್ತಿಲಲ್ಲೇ ನಿಂತೆ. ಒಣಗಿದ ಜೋಳದ ಗರಿ ತಿಕ್ಕಿದಂತಿತ್ತು ಆ ದನಿ.

"ಗಂಟಲು ಆಪರೇಶನ್ ಆತು" ಎಂದರು ಅವರೇ. "ಗಡ್ಡೆ ತೆಗೆದ್ರು, ಜೀವ ಉಳೀತು. ದನಿ ಹಿಂಗಾತು. ನೀನು ಯಾಕ ಬಂದೆ, ಹೇಳು."

ಹೇಳಿದೆ. ಅವರು ಚಹಾದ ಲೋಟ ನನ್ನ ಮುಂದಿಟ್ಟು, "ಕುಂಟರ ಹತ್ರ ಓಟ ಕಲೀರಿ ಅಂತ ಮಕ್ಕಳನ್ನ ಕಳಿಸ್ತಿಯಾ? ಬ್ಯಾಡವ್ವ. ಬೇರೆ ಯಾರನ್ನಾದ್ರೂ ನೋಡು" ಎಂದರು. ಒತ್ತಾಯ ಮಾಡುವ ಧೈರ್ಯ ನನಗಾಗಲಿಲ್ಲ. ಚಹಾ ಕುಡಿದು, ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಮೇಡಂ ಮಾತ್ರ ಬಿಡಲಿಲ್ಲ. ನನ್ನನ್ನೂ ಕರೆದುಕೊಂಡು ಮತ್ತೆ ಅದೇ ಓಣಿಗೆ ಬಂದರು. ಕುಶಲ ಕೇಳಿದರು, ಚಪಾತಿ ಪಲ್ಯ ತಿಂದರು, ಶಾಲೆಯ ಮಾತನ್ನೇ ಎತ್ತಲಿಲ್ಲ. ಹೊರಡುವ ಹೊತ್ತಿಗೆ, "ಅಮ್ಮಾರೆ, ನಮ್ಮ ದಾದಿ, ಅಪ್ಪನ ತಾಯಿ, ಒಂದು ಜೋಗುಳ ಹಾಡ್ತಿದ್ರು. ಅರ್ಧ ಉರ್ದು, ಅರ್ಧ ಕನ್ನಡ. ನನಗೆ ಮಾತು ನೆನಪೈತೆ, ಧಾಟಿ ಮರೆತೋಗೇತೆ. ಅವರು ಹೋದ್ಮೇಲೆ ಕೇಳಾಕೆ ಯಾರೂ ಇಲ್ಲ" ಎಂದರು.

"ಮಾತು ಹೇಳ್ರಿ ನೋಡೋಣ" ಎಂದರು ಟೀಚರ್.

ಮೇಡಂ ನಾಚಿಕೊಂಡು ನಾಲ್ಕು ಸಾಲು ಹೇಳಿದರು. ಟೀಚರ್ ಎದ್ದು ಒಳಗೆ ಹೋದರು. ಹಳೆಯ ಸೀರೆ ಹೊದಿಸಿಟ್ಟ ಹಾರ್ಮೋನಿಯಂ ತಂದು ನೆಲದ ಮೇಲಿಟ್ಟರು. ಎಡಗೈಯಲ್ಲಿ ತಿದಿ ಒತ್ತುತ್ತ, "ಹಿಂಗಿತ್ತಾ? ಇಲ್ಲಾ, ಹಿಂಗಾ?" ಎಂದು ಕೇಳುತ್ತ ಹೋದರು. ಮೇಡಂ ಮೊದಮೊದಲು ತಲೆಯಾಡಿಸುತ್ತಿದ್ದರು: ಅಲ್ಲ, ಅಲ್ಲ. ಒಂದು ಕಡೆ ಬೆರಳು ನಿಂತಾಗ ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಟೀಚರ್ ತಿದಿ ಬಿಟ್ಟು ನನ್ನ ಕಡೆ ತಿರುಗಿ, "ಯಾವ ವಾರ ಅಂದೆ?" ಎಂದರು.

"ಬುಧವಾರ."

"ಬಂದು ನೋಡ್ತೀನಿ. ಹುಡುಗರು ನಕ್ಕರೆ ಮುಂದಿನ ವಾರ ಬರಂಗಿಲ್ಲ."

ಹುಡುಗರು ನಕ್ಕೇಬಿಟ್ಟರು. ಮೊದಲ ಬುಧವಾರ ಟೀಚರ್ ಬಾಯಿ ತೆರೆದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದಿತು. ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಒಂದು ಹೆಜ್ಜೆ ಇಟ್ಟೆ. ಟೀಚರ್ ಕೋಪಿಸಿಕೊಳ್ಳಲಿಲ್ಲ. "ನಗ್ರಿ. ನನಗೂ ಕನ್ನಡಿ ಮುಂದೆ ಮಾತಾಡಿದ್ರೆ ನಗು ಬರ್ತತೆ" ಎಂದರು. "ನಾನು ಹಾಡೋಕಾಗಲ್ಲ. ಅದಕ್ಕೇ ಹಾಡು ನೀವೇ ತರಬೇಕು. ನಿಮ್ಮ ಮನೇಲಿ ಯಾರು ಏನು ಹಾಡ್ತಾರೆ, ಕೇಳ್ಕೊಂಡು ಬರ್ರಿ. ಸಿನಿಮಾದ್ದು ಬ್ಯಾಡ."

ಎರಡನೆಯ ಬುಧವಾರ ಯಾರೂ ಏನೂ ತರಲಿಲ್ಲ. ಆದರೂ ಅವರು ಹಾರ್ಮೋನಿಯಂ ಮುಂದೆ ಪಿರಿಯಡ್ ಮುಗಿಯುವವರೆಗೆ ಕೂತರು. ಮಕ್ಕಳಿಂದ ಸ್ವರ ಹೇಳಿಸಿದರು. ಆಮೇಲಿನ ವಾರ ಲೋಕಿಕೆರೆಯ ಒಂದು ಹುಡುಗಿ ಕೈ ಎತ್ತಿದಳು. ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ಓದುವವಳು. ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ನಾನು ಕೇಳಿದ್ದೇ ಕಡಿಮೆ. ಅಜ್ಜಿಯ ಬೀಸುವ ಪದ ತಂದಿದ್ದಳು. ನೆಲ ನೋಡುತ್ತ ಶುರು ಮಾಡಿದಳು. ಎರಡನೆಯ ಸಾಲಿಗೆ ಹಾರ್ಮೋನಿಯಂ ಮೇಲೆ ಟೀಚರ್ ಬೆರಳು ಅವಳ ಧಾಟಿ ಹಿಡಿದುಕೊಂಡಿತು. ಮೂರನೆಯ ಸಾಲಿಗೆ ಅವಳು ತಲೆ ಎತ್ತಿದಳು. ಆ ಪದದ ಕೊನೆಗೆ ಬರುವ ಎಳೆತವನ್ನು ಇಡೀ ತರಗತಿ ಅವಳ ಹಿಂದೆ ಹಾಡಬೇಕಿತ್ತು, ಹಾಡಿತು.

ಅಲ್ಲಿಂದ ಹಾಡುಗಳು ಬರತೊಡಗಿದವು. ಸೋಬಾನೆ, ಜೋಗುಳ, ಸಸಿ ನೆಡುವ ಹಾಡು. ಬಾಷಾ ನಗರದ ಹುಡುಗನೊಬ್ಬ ಮದುವೆಯಲ್ಲಿ ತನ್ನ ಚಿಕ್ಕಮ್ಮಂದಿರು ಹಾಡುವ ಉರ್ದು ಹಾಡು ತಂದ. ಅದರ ಉಚ್ಚಾರ ತಿದ್ದಲು ಮೇಡಂ ಕಚೇರಿ ಬಿಟ್ಟು ಬಂದರು. ಟೀಚರ್ ತಮ್ಮ ತವರು ಕಡರನಾಯಕನಹಳ್ಳಿಯಲ್ಲಿ ಕೇಳಿದ್ದ ಪದಗಳನ್ನು ಮಾತಿನಲ್ಲಿ ಹೇಳಿಕೊಟ್ಟು ಮಕ್ಕಳಿಂದ ಹಾಡಿಸಿದರು. ನಾನು ಬುಧವಾರದ ಕೊನೆಯ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮಕ್ಕಳ ದನಿ ಏರಿದಾಗ ನನ್ನದೂ ಸೇರುತ್ತಿತ್ತು. ಟೀಚರ್ ಒಮ್ಮೆ ಹಾರ್ಮೋನಿಯಂ ಮುಂದೆ ಕೂತಲ್ಲಿಂದಲೇ, "ಏ, ಇವಳು ಇನ್ನೂ ಸುಧಾರಿಸಿಲ್ಲ" ಎಂದುಬಿಟ್ಟಾಗ ಮಕ್ಕಳೆಲ್ಲ ಹೊರಳಿ ನನ್ನನ್ನೇ ನೋಡಿದರು.

ಗಣಿತದ ಸರ್ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂರಲು ಶುರು ಮಾಡಿದರು. "ಸ್ಟಾಫ್‌ರೂಮಿನಾಗೆ ಫ್ಯಾನ್ ಸರಿ ಇಲ್ರೀ" ಎಂದು ನನಗೆ ಕಾರಣ ಹೇಳಿದರು. ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ನಾನು ಹೌದೆಂದೆ.

ಎಲ್ಲವೂ ಚಂದ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಿತ್ತಿಲ ಸೊಪ್ಪನ್ನು ಆಡು ಮೇಯ್ದು ಹೋಯಿತು. ಗ್ರಂಥಾಲಯದ ಪುಸ್ತಕಗಳಲ್ಲಿ ಕೆಲವು ಮರಳಿ ಬರಲೇ ಇಲ್ಲ. ಒಬ್ಬ ತಂದೆ ಬಂದು, "ಹಾಡು ಹೇಳಿಸಾಕೆ ಶಾಲೆಗೆ ಕಳಿಸ್ಬೇಕೇನ್ರಿ?" ಎಂದು ಮೇಡಂ ಎದುರು ಕೂಗಾಡಿದ. ಅವರು ಅವನನ್ನು ಕೂರಿಸಿ, ಮುಂದಿನ ಬುಧವಾರ ಬರುವಂತೆ ಹೇಳಿದರು. ಅವನು ಬರಲಿಲ್ಲ, ಮತ್ತೆ ಕೂಗಾಡಲೂ ಇಲ್ಲ. ಪರೀಕ್ಷೆಯ ಫಲಿತಾಂಶ ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಬಂತು. ನಾವು ಹೆದರಿದಂತೆ ಬೀಳಲೂ ಇಲ್ಲ. ಎದೆ ತಟ್ಟಿ ಹೇಳುವಂತೆ ಏರಲೂ ಇಲ್ಲ.

ಏರಿದ್ದರೆ ನಮ್ಮ ಕೈಯಲ್ಲಿ ಒಂದು ಮಾತಿರುತ್ತಿತ್ತೇನೋ. ಆ ಬೇಸಿಗೆಯ ವರ್ಗಾವಣೆಯಲ್ಲಿ ಮೇಡಂ ಮಾಯಕೊಂಡಕ್ಕೆ ಹೋದರು. ಬಂದ ಹೊಸ ಹೆಡ್ ಸರ್ ಕೆಟ್ಟವರೇನಲ್ಲ. ಹೊಸ ವೇಳಾಪಟ್ಟಿ ಮಾಡುವಾಗ ನನ್ನನ್ನೂ ಗಣಿತದ ಸರ್ ಅವರನ್ನೂ ಕರೆದು ಮೆಲ್ಲಗೆ ಹೇಳಿದರು: "ಆಟ ಇರ್ಲಿ, ಚಿತ್ರಕಲೆ ಇರ್ಲಿ. ಹುದ್ದೆನೇ ಇಲ್ಲದ ವಿಷಯಕ್ಕೆ ಪಿರಿಯಡ್ ಹೆಂಗೆ ತೋರಿಸ್ಲಿ? ನಾಳೆ ತಪಾಸಣೆಗೆ ಬಂದ್ರೆ ನಾ ಏನು ಹೇಳ್ಲಿ?" ಗಣಿತದ ಸರ್, "ಸರ್, ಅದೊಂದು ಇರ್ಲಿ ಬಿಡ್ರಿ" ಎಂದರು. ನಾನು ಬೆರಗಾಗಿ ಅವರನ್ನು ನೋಡಿದೆ. ಹೊಸ ಹೆಡ್ ಸರ್ ಆಗುವುದಿಲ್ಲವೆಂದು ತಲೆಯಾಡಿಸಿದರು. ಬುಧವಾರದ ಕೊನೆಯ ಪಿರಿಯಡ್ ಗಣಿತದ ವಿಶೇಷ ತರಗತಿಯಾಯಿತು.

ಟೀಚರ್‌ಗೆ ಹೇಳುವ ಕೆಲಸ ನನ್ನದು. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಸಂಜೆ ಅವರ ಮನೆಗೆ ಹೋದಾಗ ಅವರು ಹೊರಗೆ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ನನ್ನ ಮುಖ ನೋಡಿದ್ದೇ, "ನಿಲ್ಸಿದ್ರಾ?" ಎಂದರು.

"ಹೂಂ ಟೀಚರ್."

ಸ್ವಲ್ಪ ಹೊತ್ತು ದಾರ ಸುತ್ತುತ್ತಲೇ ಇದ್ದರು. "ಆಪರೇಶನ್ ಆದ್ಮೇಲೆ ನಾನು ಮನೇಲಿ ಒಬ್ಬಳೇ ಇದ್ದಾಗ ಗುನುಗೋದನ್ನೂ ಬಿಟ್ಟಿದ್ದೆ" ಎಂದರು. "ಈ ವರ್ಷ ಬುಧವಾರ ಬಂತು ಅಂದ್ರೆ ಬೆಳಗ್ಗೆನೇ ತುರುಬು ಕಟ್ಕೊಂಡು ಕೂಡ್ತಿದ್ದೆ. ಬಸ್ಸು ಇರೋದು ಮಧ್ಯಾಹ್ನ." ಕಟ್ಟಿದ ಮಾಲೆಯಲ್ಲಿ ಅರ್ಧ ಕಿತ್ತು ನನ್ನ ಕೈಗೆ ಕೊಟ್ಟರು. "ಮುಡ್ಕೋ. ಸಪ್ಪಗೆ ಬರಬ್ಯಾಡ ನನ್ನ ಮನೆಗೆ."

ಆ ದೀಪಾವಳಿಯ ಹೊತ್ತಿಗೆ ಅವರ ಮಗಳು ಬಂದು ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ದೇವಸ್ಥಾನಕ್ಕೆ ಹೋದರೆ ನಾನು ಮುಂದಿನ ಬಾಗಿಲಿನಿಂದಲೇ ಹೊರಟುಬರುತ್ತೇನೆ, ಆ ಓಣಿ ಹಿಡಿಯುವುದಿಲ್ಲ.

ಶಾಲೆ ನಡೆದಿದೆ. ಮಕ್ಕಳು ಆಡುತ್ತಾರೆ, ಬಣ್ಣ ಹಚ್ಚುತ್ತಾರೆ. ಅಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಬುಧವಾರ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಮಾತ್ರ ನನ್ನ ಕಿವಿ ಆ ಕೋಣೆಯ ಕಡೆ ಹೋಗುತ್ತದೆ. ಅಲ್ಲಿಂದ ಗಣಿತದ ಸರ್ ಸೂತ್ರ ಹೇಳಿಸುವ ದನಿ ಬರುತ್ತದೆ. ಪ್ರಮೇಯ ವಿವರಿಸುವಾಗ ಅವರು ಮೊದಲಿಗಿಂತ ಹೆಚ್ಚು ನಿಲ್ಲಿಸಿ ನಿಲ್ಲಿಸಿ, ತಾಳಕ್ಕೆ ಕೂರಿಸಿದಂತೆ ಹೇಳುತ್ತಾರೆ ಅನ್ನಿಸುತ್ತದೆ. ನನ್ನ ಭ್ರಮೆಯೂ ಇರಬಹುದು.

ಈಚೆಗೆ ಒಂದು ಭಾನುವಾರ ಮೇಡಂ ಮಾಯಕೊಂಡದಿಂದ ಫೋನ್ ಮಾಡಿದರು. ಅಲ್ಲಿಯೂ ಹಾಡಿನ ಪಿರಿಯಡ್ ಹಾಕಿದ್ದೀರಾ ಎಂದು ಕೇಳಿದೆ.

"ಎಲ್ಲೀದು ರೀ!" ಎಂದರು. "ಇಲ್ಲಿ ಗಣಿತಕ್ಕೇ ಮೇಷ್ಟ್ರಿಲ್ಲ. ನಾನೇ ಪಾಠ ಮಾಡ್ತಿದೀನಿ. ಅದೇ ಬೋರ್ಡು, ಅದೇ ಚೌಕ. ಒಂದ್ಕಡೆ ತುಂಬಿದ್ರೆ ಇನ್ನೊಂದ್ಕಡೆ ಖಾಲಿ ಆಗ್ತತೆ."

ಇಬ್ಬರೂ ನಕ್ಕೆವು. ಅವರ ಹಿಂದೆ ಎಲ್ಲೋ ಮೋಟಾರಿನ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಆ ಲೋಕಿಕೆರೆ ಹುಡುಗಿ ಪದ ಇತ್ತಲ್ಲ" ಎಂದರು ಮೇಡಂ. "ಮೊದಲ್ನೇ ಸಾಲು ಬರ್ತತೆ, ಎರಡನೇದಕ್ಕೆ ನಿಂತೋಗ್ತೀನಿ. ನಿಮಗೆ ನೆನಪೈತಾ?"

"ಐತೆ ಮೇಡಂ. ಆದ್ರೆ ನಾನು ಹೇಳಿದ್ರೆ ಧಾಟಿ ಕೆಡ್ತತೆ."

"ಕೆಡ್ಲಿ, ಹೇಳ್ರಿ."

ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಒಲೆ ಸಣ್ಣಗೆ ಮಾಡಿ, ನಾನು ಶುರು ಮಾಡಿದೆ.