ಅಡ್ಡಿಲ್ಲೆ ಎಂದರೆ ನಾಲ್ಕು

ದೊಡ್ಡಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಒಂದು ಕಪ್ಪು ರಬ್ಬರಿನ ಪಟ್ಟಿ ಬಿಗಿದಿದೆ, ಬಾಯಿಗೆ ಕಟ್ಟಿದ ಬಟ್ಟೆ ಜಾರದಿರಲೆಂದು. ಅಪ್ಪ ತೀರಿಹೋದ ಮೇಲೆ ಮೊದಲ ಸಲ ಮೊನ್ನೆ ಸಿದ್ದಾಪುರಕ್ಕೆ ಹೋದವಳು, ಅದನ್ನು ಕಂಡು ಬಗ್ಗಿ ಮೂಸಿದೆ. ಬರೀ ಸೊನೆಯ ವಾಸನೆ. ನನಗೆ ಗೊತ್ತಿದ್ದ ಬೆವರಿನ ವಾಸನೆಯನ್ನು ಮಾವು ಪೂರ್ತಿ ನುಂಗಿಹಾಕಿತ್ತು. ಎಂದಾದರೂ ಆ ಮನೆಗೆ ಊಟಕ್ಕೆ ಹೋದರೆ ನೀವೂ ನೋಡಿ. ಉಪ್ಪಿನಕಾಯಿ ಕಾಯುತ್ತಿರುವ ಆ ಪಟ್ಟಿ ಒಂದಾನೊಂದು ಕಾಲಕ್ಕೆ ಗೋವಾದ ಫುಟ್‌ಬಾಲ್ ಕ್ಲಬ್ಬಿನ ಆಸ್ತಿ. ಆಟಗಾರನ ಎದೆಗೆ ಕಟ್ಟಿದರೆ ಅವನ ಹೃದಯ ಎಷ್ಟು ಬಡಿಯುತ್ತಿದೆಯೆಂದು ಕೈಗಡಿಯಾರಕ್ಕೆ ಹೇಳುತ್ತಿತ್ತು.

ಆಟಗಾರ ಬೇರೆ ಯಾರೂ ಅಲ್ಲ, ದೊಡ್ಡಮ್ಮನ ಮಗ ಶ್ರೀಧರಣ್ಣ. ನಮ್ಮ ನೆಂಟರಲ್ಲಿ ಯಕ್ಷಗಾನ ಕುಣಿದವರಿದ್ದಾರೆ, ತಾಳಮದ್ದಲೆಯಲ್ಲಿ ಬೆಳಗಿನವರೆಗೆ ವಾದಿಸಿದವರಿದ್ದಾರೆ. ಚೆಂಡು ಒದ್ದು ಸಂಬಳ ಪಡೆದವನು ಇವನೊಬ್ಬನೇ. ತೊಂಬತ್ತರ ದಶಕದ ಕೊನೆಯಲ್ಲಿ, ತೊಡೆಯ ಹಿಂದಿನ ಸ್ನಾಯು ಹರಿದುಕೊಂಡು, ಅವನು ಶಿರಸಿಯ ನಮ್ಮ ಮನೆಗೆ ಬಂದ. ಶಿರಸಿಯಲ್ಲಿ ಓಡಲು ಮೈದಾನವಿತ್ತು, ನಮ್ಮ ಮನೆಯಲ್ಲಿ ಫೋನಿತ್ತು. ಹೊಸ ಹಂಗಾಮಿನೊಳಗೆ ಕಾಲು ಸರಿಯಾದರೆ ಕ್ಲಬ್ಬಿನಲ್ಲಿ ಜಾಗ. ಮತ್ತೊಮ್ಮೆ ಹರಿದರೆ ಆಟವೇ ಮುಗಿಯಿತು ಎಂದು ಡಾಕ್ಟರು ಹೇಳಿದ್ದರು.

ನಾನಾಗ ಕಾಲೇಜಿನ ಚರ್ಚಾಪಟು. ದೇವರಿಂದ ಹಿಡಿದು ದೋಸೆಯವರೆಗೆ ಯಾವುದನ್ನೂ ಆಧಾರವಿಲ್ಲದೆ ಒಪ್ಪುತ್ತಿರಲಿಲ್ಲ. ಆಧಾರ ಕೊಟ್ಟರೆ ಆ ಆಧಾರಕ್ಕೆ ಆಧಾರ ಕೇಳುತ್ತಿದ್ದೆ. ಅಂಥ ಮನೆಗೆ ಎದೆಪಟ್ಟಿ ಬಂದರೆ ಕೇಳಬೇಕೆ? ಆದರೆ ಅದರ ಸೆಲ್ಲು ಕೆಲವೇ ದಿನಗಳಲ್ಲಿ ಸತ್ತಿತು. ಶಿರಸಿಯ ವಾಚಿನಂಗಡಿಯವರು ಅದನ್ನು ತಿರುಗಿಸಿ ನೋಡಿ, "ಇದು ನಮ್ಮ ಕಡೆ ಸಿಗೂದಲ್ಲ" ಎಂದು ಕೈಯಲ್ಲಿಟ್ಟರು.

ಹಾಗಾಗಿ ಉಳಿದದ್ದು ಕ್ಲಬ್ಬಿನ ಇನ್ನೊಂದು ಅಳತೆ: ಬಾಯಿಮಾತು. ಅಭ್ಯಾಸ ಮುಗಿದು ಅರ್ಧ ಗಂಟೆಗೆ ತರಬೇತುದಾರರು ಒಂದೇ ಪ್ರಶ್ನೆ ಕೇಳುವರು: ಇವತ್ತಿನದು ಎಷ್ಟು ಕಷ್ಟವಾಯಿತು? ಸೊನ್ನೆಯೆಂದರೆ ಆರಾಮ, ಹತ್ತೆಂದರೆ ಜೀವ ಹೋಯಿತು. ಆ ಅಂಕೆಯನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಅಂದು ಮೈಮೇಲೆ ಬಿದ್ದ ಭಾರ. ಅದನ್ನು ನೋಡಿ ನಾಳೆ ಎಷ್ಟು ಓಡಿಸಬೇಕೆಂಬ ತೀರ್ಮಾನ.

ಶಿರಸಿಗೆ ಬಂದ ಮೇಲೂ ಸಂಜೆ ಸಂಜೆ ಫೋನಿನಲ್ಲಿ ಅದೇ ಪ್ರಶ್ನೆ, ಶ್ರೀಧರಣ್ಣನದು ಅದೇ ಉತ್ತರ: ನಾಲ್ಕು. ನಾನು ಸುಮ್ಮನಿರುತ್ತೇನೆಯೇ? "ನಾಲ್ಕು ಹೇಳಿರೆ ಎಂತ ಅಣ್ಣಾ? ಕಿಲೋನಾ, ಮೈಲಾ?"

"ನಾಲ್ಕು ಹೇಳಿರೆ ಅಡ್ಡಿಲ್ಲೆ ಹೇಳಿ."

"ಕಾಲು ಹರಿದ ದಿನ ಎಷ್ಟು ಹೇಳಿದ್ದೆ?"

"ನಾಲ್ಕು."

"ಅದರ ಹಿಂದಿನ ದಿನ?"

"ಅದೂ ಅಡ್ಡಿಲ್ಲೆ ಇತ್ತು."

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಡೆ ಹುಷಾರಿದ್ದೀರಾ ಎಂದು ಕೇಳಿದರೆ ಉತ್ತರ ಅಡ್ಡಿಲ್ಲೆ. ಜ್ವರ ಬಂದು ಮಲಗಿದ್ದರೂ ಅಡ್ಡಿಲ್ಲೆ, ಮಗಳ ಮದುವೆ ಗೊತ್ತಾದರೂ ಅಡ್ಡಿಲ್ಲೆ. ಇರುವುದನ್ನು ಇರುವಷ್ಟೇ ಹೇಳಿಕೊಳ್ಳುವುದು ನಮ್ಮಲ್ಲಿ ಹೆಚ್ಚುಕಡಿಮೆ ಅಸಭ್ಯತೆ. ಎಲೆಯ ಮುಂದೆ ಕುಳಿತವನು ಹಸಿವಿದ್ದರೂ "ಸಾಕು" ಎನ್ನಬೇಕು. ಬಡಿಸುವವನು ಅದನ್ನು ಕೇಳದವನಂತೆ ಬಡಿಸಬೇಕು. ನನ್ನ ಅಪ್ಪ ಮೊದಲ "ಸಾಕು" ಎಂಬುದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ಸುಮ್ನಿರಾ ಮಾಣಿ" ಎಂದು ಇನ್ನೊಂದು ಸೌಟು ಸುರಿದೇ ಮುಂದಕ್ಕೆ ಹೋಗುವರು. ಇಂಥ ಪಂಕ್ತಿಯಲ್ಲಿ ಬೆಳೆದವನನ್ನು ಗೋವಾದಲ್ಲಿ ನಿಲ್ಲಿಸಿ ಎಷ್ಟು ದಣಿದೆಯೆಂದು ಕೇಳಿದರೆ? ನಾಲ್ಕು ಎಂದ. ಸುಲಭವಾಗಿದೆಯೆಂದುಕೊಂಡ ತರಬೇತುದಾರರು ಮರುದಿನ ಹೆಚ್ಚು ಓಡಿಸಿದರು. ಆಗಲೂ ನಾಲ್ಕು.

"ಖರೇ ಹೇಳಲೆ ಎಂತ ಅಡ್ಡಿ?" ಎಂದೆ.

"ಎಂಟು ಹೇಳಿರೆ, ಇವಂಗೆ ತಾಕತ್ತಿಲ್ಲೆ ಹೇಳಿ ಬೇರೆಯವ್ನ ಹಾಕ್ತ." ಅವನು ನನ್ನ ಮುಖ ನೋಡದೆ ಬೂಟಿನ ದಾರ ಕಟ್ಟುತ್ತ ಹೇಳಿದ. ಅಲ್ಲಿಯವರೆಗೆ ನಾನು ಗೆಲ್ಲಲೆಂದೇ ವಾದಿಸುತ್ತಿದ್ದೆ. ಆ ಬಗ್ಗಿದ ತಲೆ ನೋಡಿ ಹೆದರಿಕೆಯಾಯಿತು.

ಮರುದಿನದಿಂದ ಅವನು ಬನವಾಸಿ ರಸ್ತೆಯಲ್ಲಿ ಓಡುವಾಗ ನಾನು ಪಕ್ಕದಲ್ಲಿ ಸೈಕಲ್ಲು ತುಳಿದೆ. ಸುಮ್ಮನೆ ತುಳಿಯುವುದು ನನ್ನ ಜಾಯಮಾನವಲ್ಲ. "ಫುಟ್‌ಬಾಲಿಗಿಂತ ಕಬಡ್ಡಿ ಮೇಲು" ಎಂದು ವಿಷಯ ಮಂಡಿಸಿದೆ.

"ಕಬಡ್ಡಿಲಿ ಒಂದೇ ಮಾತು ಹೇಳ್ತಾ ಇರವು. ನಿಂಗೆ ಹೇಳಿ ಮಾಡಿದ ಆಟ" ಎಂದು ಸಲೀಸಾಗಿ ತಿರುಗೇಟು ಕೊಟ್ಟ. ಇನ್ನಷ್ಟು ದೂರ ಹೋದ ಮೇಲೆ ವಾಕ್ಯಗಳು ತುಂಡಾದವು: "ಚೆಂಡಿಲ್ದೆ... ಅದೆಂತ... ಆಟ." ಏರು ಬಂತು. ಬರೀ "ಹೂಂ" ಉಳಿಯಿತು. ಏರಿನ ತುದಿಯಲ್ಲಿ ಅವನು ಹೇಳಿದ, "ಹೌದು ಮಾರಾಯ್ತಿ. ನೀ ಹೇಳಿದ್ದೇ ಸರಿ."

ನಾನು ಗಕ್ಕನೆ ಬ್ರೇಕು ಹಾಕಿದೆ. ನಾನು ತೊಟ್ಟಿಲಲ್ಲಿದ್ದಾಗಿನಿಂದ ಅವನು ನನ್ನ ಒಂದು ಮಾತನ್ನೂ ಒಪ್ಪಿದವನಲ್ಲ.

ಸಂಜೆ ಫೋನು ಬಂತು, ನಾನೇ ಎತ್ತಿದೆ. ತರಬೇತುದಾರರು ಕಾರವಾರ ಕಡೆಯವರು, ಹೆಣ್ಣುಮಕ್ಕಳನ್ನೆಲ್ಲ ಕೊಂಕಣಿಯಲ್ಲಿ "ಬಾಯ್" ಎಂದೇ ಕರೆಯುವರು. "ಹಾಂ ಬಾಯ್, ಇವತ್ತು ಎಷ್ಟಂತೆ?"

"ಅವನು ನಾಲ್ಕು ಅಂತಾನೆ ಸರ್. ನಾನು ಒಂಬತ್ತು ಅಂತೀನಿ."

"ಓಡಿದ್ದು ಅವನೋ, ನೀವೋ?"

"ಓಡಿದ್ದು ಅವನೇ. ಆದ್ರೆ ನಾನು ಹೇಳಿದ್ದನ್ನ ಒಪ್ಪಿಕೊಂಡ."

ಆ ಕಡೆಯಿಂದ ನಗು. ನಮ್ಮಿಬ್ಬರ ಜಗಳ ದಿನವೂ ಫೋನಿನಲ್ಲಿ ಅವರ ಕಿವಿಗೂ ಬೀಳುತ್ತಿತ್ತು. "ಅರೇ ದೇವಾ, ನಿಮ್ಮ ಮಾತು ಒಪ್ಪಿಕೊಂಡನಾ? ಹಾಗಾದ್ರೆ ನಾಳೆ ಎಲ್ಲೂ ಹೋಗೂದು ಬ್ಯಾಡ ಹೇಳಿ. ಮಲಗಲಿ."

ಶ್ರೀಧರಣ್ಣನ ಮುಖ ಕೆಂಪಾಯಿತು. "ನನ್ನ ಅನ್ನ ಕಳದೆ ನೀನು!" ಎಂದು ರಿಸೀವರ್ ಕಸಿದುಕೊಂಡ. ಆದರೆ ತರಬೇತುದಾರರ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು: "ಎಂಟು ಅಂದವನನ್ನ ಒಂದಿನ ಕೂಡ್ರಿಸ್ತೇನೆ, ಅಷ್ಟೇ. ನಾಲ್ಕು ಅಂತ ಹೇಳಿ ಕಾಲು ಹರಕೊಂಡವನನ್ನ ಎಂತ ಮಾಡ್ಲಿ, ನೀನೇ ಹೇಳು."

ಶ್ರೀಧರಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಪೇಪರು ಮಡಚಿ, "ಹೇಳಾ ಮಾಣಿ, ಅವ್ಕೆ ನಮ್ಮ ಬಡಿಸೋ ಕ್ರಮ ಗೊತ್ತಿಲ್ಲೆ" ಎಂದರು. ಆಗ ಅವನು ಗೋಡೆಗೆ ತಿರುಗಿ, ಏನೋ ತಪ್ಪು ಮಾಡಿದವನ ದನಿಯಲ್ಲಿ, "ಒಂಬತ್ತು, ಸರ್" ಎಂದ.

ಹಂಗಾಮಿಗೆ ಅವನು ಮರಳಿದ, ಕೆಲವು ವರ್ಷ ಆಡಿದ, ಈಗ ತಾನೇ ತರಬೇತುದಾರ. ಇದರಿಂದ ನನ್ನ ಅಳತೆ ಸರಿಯೆಂದು ಸಾಬೀತಾಯಿತೇ? ಇಲ್ಲ. ಕಾಲು ತಾನಾಗಿಯೇ ಕೂಡಿಕೊಂಡಿರಬಹುದು. ಎದುರು ತಂಡದಲ್ಲಿದ್ದರೆ ಈ ವಾದವನ್ನು ನಾನೇ ಎರಡು ನಿಮಿಷದಲ್ಲಿ ಮುರಿಯುತ್ತಿದ್ದೆ.

ಮೊನ್ನೆ ಅವನೂ ಊರಿಗೆ ಬಂದಿದ್ದ. ಮಧ್ಯಾಹ್ನ ಅವನೇ ಬಡಿಸಿದ. ನಾನು "ಸಾಕು" ಎಂದೆ. ಅವನು ಅಪ್ಪನ ಹಾಗೇ ಇನ್ನೊಂದು ಸೌಟು ಹಾಕಿದ. ಊಟವಾಗಿ ಮೆಟ್ಟಿಲ ಮೇಲೆ ಕುಳಿತಾಗ ಕೇಳಿದ, "ಹೆಂಗಿದ್ದೆ?"

"ಅಡ್ಡಿಲ್ಲೆ" ಎಂದೆ. ಮರುದಿನ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ, ಕೆಲಸಕ್ಕೆ ಮರಳುವವಳಿದ್ದೆ.

ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅಂಗಳ ನೋಡಿದ. ಆಮೇಲೆ ಮೆಲ್ಲಗೆ, "ಫುಟ್‌ಬಾಲಿಗಿಂತ ದೊಡ್ಡ ಆಟ ಇಲ್ಲೆ. ಚರ್ಚೆ ಹೇಳದೆಲ್ಲ ಕೈಲಾಗದವರ ಕೆಲಸ" ಎಂದ.

ಇದಕ್ಕೆ ನನ್ನ ಬಳಿ ಯಾವಾಗಲೂ ಉತ್ತರಗಳಿವೆ. ಅಂದು ಕಣ್ಣ ಮುಂದೆ ಅಪ್ಪನ ಸೌಟೊಂದೇ ಇತ್ತು.

"ಹೌದು ಮಾರಾಯಾ" ಎಂದೆ.

ಅವನು ನಗಲಿಲ್ಲ. ಮೆಟ್ಟಿಲ ಮೇಲೆ ಹತ್ತಿರಕ್ಕೆ ಸರಿದು ಕುಳಿತ. "ಒಂಬತ್ತು" ಎಂದ. "ನಾಳೆ ನೀ ಎಲ್ಲೂ ಹೋಪದು ಬ್ಯಾಡ."