ನಾಲ್ಕು ಗಂಟೆಗೆ ಬರುತ್ತಿದ್ದ ಬ್ಯಾಂಡ್ ಮಾಸ್ತರು

ಕಳೆದ ವಾರ ಹಬ್ಬಕ್ಕೆಂದು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿಕೊಂಡು, ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಹುಳಿ ಮತ್ತು ಲೋಹ ಬೆರೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೈ ತಾನಾಗಿಯೇ ನಿಂತುಹೋಯಿತು. ಪಕ್ಕದ ಮನೆಯ ಬ್ಯಾಂಡ್ ಮಾಸ್ತರು ತಮ್ಮ ಟ್ರಂಪೆಟ್ಟನ್ನು ಹೀಗೆಯೇ ತೊಳೆಯುತ್ತಿದ್ದರು. ಜಗಲಿಯ ಮೇಲೆ ಲುಂಗಿ ಮಡಿಸಿ ಕೂತು, ಎಳೆಗೂಸಿಗೆ ಎಣ್ಣೆ ಹಚ್ಚುವವರ ಹಾಗೆ ಬೆರಳ ತುದಿಯಿಂದ ಹುಣಸೆರಸ ಸವರಿ, ಹಳೆಯ ಮಲ್ಲು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು...

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮದುವೆ ಮೆರವಣಿಗೆಗಳಿಗೆ ಬ್ಯಾಂಡ್ ನುಡಿಸುವ ಒಂಬತ್ತು ಜನರ ತಂಡ ಅವರದು. ಕೆಂಪು ಕೋಟು, ಹೆಗಲ ಮೇಲೆ ಚಿನ್ನದ ಬಣ್ಣದ ಕುಚ್ಚು. ಗುಬ್ಬಿಯ ಛತ್ರಗಳಿಂದ ಹಿಡಿದು ಕುಣಿಗಲ್ಲಿನವರೆಗೂ ಅವರು ನುಡಿಸದ ದಿಬ್ಬಣವಿಲ್ಲ.

ನಮಗೂ ಅವರಿಗೂ ಮೊದಲು ಜಗಳವಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯವರು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಬಂದು ಮಲಗುವರು. ಎಂಟಕ್ಕೆ ಸರಿಯಾಗಿ ಗೋಡೆಯಾಚೆ ಮಾಸ್ತರ ಅಭ್ಯಾಸ ಶುರುವಾಗುತ್ತಿತ್ತು. ಒಂದು ದಿನ ಇವರು ತಡೆಯಲಾರದೆ ಬನಿಯನ್ನಿನಲ್ಲೇ ಆಚೆ ಹೋಗಿ, "ಇದೇನು ಮನೇನಾ, ಮದ್ವೆ ಛತ್ರಾನಾ? ಮನುಷ್ಯ ಮಲಗ್‌ಬಾರ್ದಾ?" ಎಂದು ಬೀದಿಗೆಲ್ಲಾ ಕೇಳುವಂತೆ ಕೂಗಾಡಿದರು. ಮಾಸ್ತರು ಟ್ರಂಪೆಟ್ಟನ್ನು ಗವಸಿಗೆ ಹಾಕಿಕೊಂಡು ಒಳಗೆ ಹೋದರು. ಅದಾದ ಸ್ವಲ್ಪ ದಿನಕ್ಕೆ ಅಭ್ಯಾಸ ಪೂರ್ತಿ ನಿಂತಿತು. ಮಾತೂ ನಿಂತಿತು. ಒಂದು ವರ್ಷಕ್ಕೂ ಮೇಲೆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಪ್ಪು ನಮ್ಮದೇ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಹೋಗಿ ಹೇಳುವವರು ಯಾರು?

ಹಾಗಿರುವಾಗ ಒಂದು ಸೋಮವಾರ ಇವರು ಪಾಳಿಯಿಂದ ಬಂದು, "ಪಾದ ಯಾಕೋ ಜೋಮು ಹಿಡ್ದದೆ ಕಣೇ, ಹೊಸ ಶೂ ಕಚ್ತದೇನೋ" ಅಂದರು. ಸಂಜೆಗೆ ಮೆಟ್ಟಿಲು ಹತ್ತಲಾಗಲಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದೆವು. ಗುರುವಾರದ ಹೊತ್ತಿಗೆ ಕೈಯೂ ಹೋಯಿತು, ಉಸಿರೂ ಕಟ್ಟತೊಡಗಿತು. ಗಂಟಲಿಗೆ ಕೊಳವೆ ಹಾಕಿ ಯಂತ್ರದ ಉಸಿರು ಕೊಟ್ಟರು. ಡಾಕ್ಟರು ನನ್ನನ್ನು ಕೂರಿಸಿಕೊಂಡು, "ನರಗಳ ಮೇಲಿನ ಹೊದಿಕೆ ಹಾಳಾಗಿದೆ. ವಾಪಸ್ ಬೆಳೆಯುತ್ತೆ, ಹೆದರಬೇಡಿ. ಆದ್ರೆ ಎಷ್ಟು ದಿನ ಅಂತ ಕೇಳಬೇಡಿ," ಎಂದರು. ನಾನು ಕೇಳಲಿಲ್ಲ. ಗಾಜಿನ ಕಿಟಕಿಯಾಚೆ ಕೊಳವೆ ಕಚ್ಚಿಕೊಂಡು ಮಲಗಿದ್ದ ಆರಡಿ ಆಳನ್ನು ನೋಡಿದರೆ ಏನನ್ನು ಕೇಳಬೇಕೆಂದೇ ತೋಚುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಎತ್ತಿ ಹಿಡಿದವರು ಸ್ನೇಹಿತರು. ನಾನು ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಪಕ್ಕದ ಟೇಬಲ್ಲಿನ ಪುಟ್ಟಲಕ್ಷ್ಮಿ ನನ್ನ ಫೈಲುಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡದ್ದಲ್ಲದೆ, ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳನ್ನೂ ಮನೆಗೆ ಕರೆದುಕೊಂಡು ಹೋದಳು. "ನಿನ್ ಮಗ್ಳು ನಮ್ಮನೇಲಿ ಮೂರು ಮುದ್ದೆ ತಿಂತಾವ್ಳೆ, ನೀನು ಒಂದು ಇಡ್ಲಿನಾದ್ರೂ ತಿನ್ನು" ಎಂದು ದಿನಾ ಫೋನಿನಲ್ಲಿ ಬೈಯುತ್ತಿದ್ದಳು. ಇವರ ಜೊತೆ ಕೆಲಸ ಮಾಡುವ ರಂಗಸ್ವಾಮಿ ಕುಣಿಗಲ್ ಕಡೆಯವನು. ಅವನು ಕಾರ್ಖಾನೆಯ ಪಾಳಿ ಚಾರ್ಟಿನ ಹಾಗೆಯೇ ಒಂದು ಹಾಳೆಯಲ್ಲಿ ಗೆರೆ ಎಳೆದು, ಆಸ್ಪತ್ರೆಯಲ್ಲಿ ಯಾರು ಯಾವ ಹೊತ್ತಿಗೆ ಇರಬೇಕೆಂದು ಬರೆದು ನನ್ನ ಕೈಗಿತ್ತ. "ಅಕ್ಕ, ಎ ಶಿಫ್ಟು, ಬಿ ಶಿಫ್ಟು, ಸಿ ಶಿಫ್ಟು, ಎಲ್ಲಾದ್ಕೂ ಜನ ಅವ್ರೆ. ನೀವು ಜನರಲ್ ಶಿಫ್ಟು ಮಾತ್ರ" ಎಂದ. ಅಳುತ್ತಿದ್ದವಳು ನಕ್ಕುಬಿಟ್ಟೆ.

ಹನ್ನೆರಡು ದಿನದ ಮೇಲೆ ಕೊಳವೆ ತೆಗೆದು ಇವರನ್ನು ವಾರ್ಡಿಗೆ ತಂದರು. ಎಲ್ಲರೂ ಗೆದ್ದೆವು ಅಂದುಕೊಂಡೆವು. ಆದರೆ ಗೆಲ್ಲಬೇಕಾದವರೇ ಕೈಚೆಲ್ಲಿದ್ದರು. ಶ್ವಾಸಕೋಶಕ್ಕೆ ಬಲ ಬರಲೆಂದು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಕೊಳವೆ ಬಾಯಿಗಿಟ್ಟು ಉಸಿರು ಎಳೆದರೆ ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಮೊದಲ ದಿನ ಒಂದೂ ಏಳಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಬೇಡಿಕೊಂಡೆ, ರಂಗಸ್ವಾಮಿ ಬೈದ, ನರ್ಸ್ ಗದರಿದಳು. ಕದಲಲಿಲ್ಲ. "ಹೀಗೇ ಬಿಟ್ರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ. ಮತ್ತೆ ಆ ಮೆಷಿನ್‌ಗೇ ಹಾಕ್ಬೇಕಾಗುತ್ತೆ" ಎಂದು ಡಾಕ್ಟರು ಹೇಳಿಹೋದರು.

ಅವತ್ತೇ, ಸಾಯಂಕಾಲ ನಾಲ್ಕು ಗಂಟೆಗೆ, ವಾರ್ಡಿನ ಬಾಗಿಲಲ್ಲಿ ಏನೋ ಗಲಾಟೆ. ನೋಡಿದರೆ ಕೆಂಪು ಕೋಟು, ಬಂಗಾರದ ಕುಚ್ಚು, ತಲೆಗೆ ಟೋಪಿ! ಗುಬ್ಬಿಯ ಯಾವುದೋ ಮದುವೆ ಮುಗಿಸಿಕೊಂಡು ಬ್ಯಾಂಡ್ ಮಾಸ್ತರು ನೇರವಾಗಿ ಬಂದಿದ್ದರು. ಯಾವ ಇಲಾಖೆಯ ಅಧಿಕಾರಿಯೋ ಎಂದು ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದು ಬಿಟ್ಟಿದ್ದನಂತೆ. ವಾರ್ಡಿನ ನರ್ಸ್ ಮಾತ್ರ ಬಿಡಲಿಲ್ಲ.

"ಯಾರ್ರೀ ನೀವು?"

"ಪಕ್ಕದ್ ಮನೆಯವ್ನಮ್ಮ. ನಂಗೂ ಒಂದು ಶಿಫ್ಟ್ ಐತೆ" ಎಂದು ರಂಗಸ್ವಾಮಿಯ ಕೈಯಲ್ಲಿದ್ದ ಚಾರ್ಟಿನ ಕಡೆ ಬೆರಳು ತೋರಿಸಿದರು. ರಂಗಸ್ವಾಮಿ ಅವರನ್ನು ಅದೇ ಮೊದಲು ನೋಡುತ್ತಿದ್ದ. ಆದರೂ, "ಹೌದು ಸಿಸ್ಟರ್, ಚಾರ್ಟಲ್ಲಿ ಅದೆ" ಎಂದುಬಿಟ್ಟ.

ಮಾಸ್ತರು ಸ್ಟೂಲ್ ಎಳೆದುಕೊಂಡು ಇವರ ಮುಖದ ಕಡೆಗೇ ಹೋಗಿ ಕೂತರು. ಹಳೆಯ ಜಗಳದ ಮಾತು ಎಲ್ಲಿ ಬರುತ್ತದೋ ಎಂದು ನಾನು ಮಂಚದ ಇನ್ನೊಂದು ಬದಿಗೆ ಬಂದು ನಿಂತೆ. ಅವರು ಇವರನ್ನು ಒಂದು ನಿಮಿಷ ನೋಡಿ, "ಏನ್ ಸಾರ್, ನಿದ್ದೆ ಸಾಕಾಗ್ಲಿಲ್ವಾ ಇನ್ನೂ?" ಎಂದರು. ಇವರ ತುಟಿಯ ಒಂದು ಮೂಲೆ ಅಲ್ಲಾಡಿತು. ಹದಿನೈದು ದಿನದಲ್ಲಿ ಆ ಮುಖದಲ್ಲಿ ನಾನು ಕಂಡ ಮೊದಲ ಚಲನೆ ಅದು.

ಆಮೇಲೆ ಡಬ್ಬಿಯ ಕಡೆ ಅವರ ಕಣ್ಣು ಬಿತ್ತು. ಊದುವ ಸಾಮಾನು ಕಂಡರೆ ಅವರು ಸುಮ್ಮನಿರುವವರಲ್ಲ. ಕೆಳಗೆ ಹೋಗಿ ಮೆಡಿಕಲ್ ಸ್ಟೋರಿನಿಂದ ಅಂಥದ್ದೇ ಒಂದನ್ನು ಕೊಂಡು ತಂದರು. ಕೆನ್ನೆ ಉಬ್ಬಿಸಿಕೊಂಡು ಬಲವಾಗಿ ಊದಿದರು. ಚೆಂಡುಗಳು ಕದಲಲಿಲ್ಲ. ಮತ್ತೆ ಊದಿದರು. ಉಹೂಂ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ ಅಜ್ಜ, ಊದೋದಲ್ಲ, ಎಳ್ಕೊಳ್ಳೋದು!" ಎಂದಳು.

"ಥತ್, ಜೀವಮಾನವೆಲ್ಲಾ ಊದೀ ಊದೀ ಎಳ್ಕೊಳ್ಳೋದೇ ಮರ್ತೋಗದೆ ನೋಡಮ್ಮ."

ಇಡೀ ವಾರ್ಡ್ ನಕ್ಕಿತು. ಅವರು ಈ ಸಲ ಎಳೆದರು. ಒಂದು ಚೆಂಡು ಎದ್ದಿತು, ಎರಡನೆಯದು ಎದ್ದಿತು, ಮೂರನೆಯದು ಬುಡದಲ್ಲೇ ನಡುಗಿ ಕೂತಿತು. ಎಷ್ಟು ಸಲ ಎಳೆದರೂ ಅಷ್ಟೇ. ಇವರು ಗೋಡೆಯ ಮೇಲೆ ನೆಟ್ಟಿದ್ದ ನೋಟ ಕಿತ್ತು, ಬೀದಿಗೆಲ್ಲಾ ಕೇಳುವಂತೆ ಟ್ರಂಪೆಟ್ ಊದುತ್ತಿದ್ದ ಮನುಷ್ಯನಿಗೆ ಮೂರು ಚೆಂಡು ಎತ್ತಲಾಗದ್ದನ್ನು ಕಣ್ಣಗಲಿಸಿ ನೋಡುತ್ತಿದ್ದರು. ಕೊನೆಗೆ ಒಡೆದ ದನಿಯಲ್ಲಿ, "ಕೊಡು ಇಲ್ಲಿ" ಎಂದರು, ನನಗೆ. ನಾನು ಇವರ ಡಬ್ಬಿಯನ್ನು ಬಾಯಿಗೆ ಹಿಡಿದೆ. ಅವತ್ತು ಮೊದಲನೆಯ ಚೆಂಡು ಅರ್ಧದವರೆಗೆ ಬಂತು.

ಅಲ್ಲಿಂದ ದಿನಾ ನಾಲ್ಕಕ್ಕೆ ಪಂದ್ಯ. ಮಾಸ್ತರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಪಕ್ಕದ ಮಂಚದ ತೊಡೆಮೂಳೆ ಮುರಿದಿದ್ದ ಅಜ್ಜ ದಿಂಬಿಗೆ ಒರಗಿ ಕೂರುತ್ತಿದ್ದ. ನರ್ಸುಗಳು ಔಷಧಿ ತಳ್ಳುಗಾಡಿಯನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಇವರದು ಒಂದು ಚೆಂಡು, ಮಾಸ್ತರದು ಎರಡು. "ಇವತ್ತೂ ನಾನೇ ಗೆದ್ದೆ, ನಾಳೆ ಬರ್ತೀನಿ" ಎಂದು ಟೋಪಿ ಎತ್ತಿ ಅವರು ಹೊರಡುತ್ತಿದ್ದರು. ಇವರು ಅವರಿಗೆ ತಿಳಿಯದಂತೆ ಬೆಳಿಗ್ಗೆಯೆಲ್ಲ ಅಭ್ಯಾಸ ಮಾಡುತ್ತಿದ್ದರು. ಡಾಕ್ಟರು ಹತ್ತು ಸಲ ಅಂದರೆ ನಲವತ್ತು ಸಲ. ಹತ್ತನೆಯ ದಿನ ಇವರದೂ ಎರಡಾಯಿತು. ಮಾಸ್ತರು ಎದ್ದು ನಿಂತು ಮಂಚದ ಕಂಬಿಯ ಮೇಲೆ ಡೋಲು ಬಾರಿಸಿಬಿಟ್ಟರು.

ಅವತ್ತು ಕಾರಿಡಾರಿನಲ್ಲಿ ಅವರಿಗೆ ಚಹಾ ಕೊಡುತ್ತಾ, ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ. "ಅವತ್ತು ಅವ್ರು ಹಂಗೆ ಕೂಗಾಡಿದ್ದು ತಪ್ಪಾಯ್ತು ಮಾಸ್ತರೇ. ನೀವು ಊದೋದೇ ನಿಲ್ಸ್‌ಬಿಟ್ರಿ..."

ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಅದ್ಕೆ ನಿಲ್ಸಿದ್ದಲ್ಲಮ್ಮ. ಉಸ್ರೇ ಸಾಲ್ತಿರ್ಲಿಲ್ಲ. ಈಗ ದಿಬ್ಬಣದಾಗೆ ಮುಂದೆ ನಿಂತು ಸುಮ್ನೆ ಬಾಯ್ಗೆ ಇಟ್ಕೊಂತೀನಿ ಅಷ್ಟೆ, ಹಿಂದೆ ಹುಡುಗ್ರು ಊದ್ತಾರೆ. ಯಜಮಾನ್ರಿಗೆ ಹೇಳ್ಬೇಡಿ ಮತ್ತೆ. ಪಕ್ಕದ್ ಮನೆ ಸಾಯಬ್ರನ್ನ ಸೋಲ್ಸಿದೆ ಅಂತ ಒಂದಿನ ಖುಷಿ ಪಡ್ಲಿ."

ನಾವು ಒಂದು ವರ್ಷ ಹೊತ್ತುಕೊಂಡಿದ್ದ ಸಿಟ್ಟು, ಅಪರಾಧ ಎಲ್ಲವೂ ಆ ಕಾರಿಡಾರಿನಲ್ಲಿ ಎಷ್ಟು ಸಣ್ಣದಾಗಿ ಕಂಡವು... ಅವರು ಆಡುತ್ತಿದ್ದದ್ದು ನಾಟಕವಲ್ಲ. ಮೂರನೆಯ ಚೆಂಡು ಅವರಿಂದ ನಿಜವಾಗಿಯೂ ಏಳುತ್ತಿರಲಿಲ್ಲ. ನಾನು ಸುಮ್ಮನಿರಲಿಲ್ಲ. ನಮ್ಮ ಡಾಕ್ಟರ ಹತ್ತಿರ ಹೇಳಿ, ಅದೇ ವಾರ ಅವರನ್ನು ಎದೆರೋಗದ ಡಾಕ್ಟರಿಗೆ ತೋರಿಸಿದೆ. ಬಾಯಿಗೆ ಹೊಡೆದುಕೊಳ್ಳುವ ಪಂಪ್ ಕೊಟ್ಟರು, ಚೆಂಡಿನ ಪಂದ್ಯವನ್ನೂ ಮುಂದುವರಿಸಲು ಹೇಳಿದರು.

ಇವರಿಂದ ಮೂರನೆಯ ಚೆಂಡು ಎದ್ದದ್ದು ಎಷ್ಟೋ ದಿನದ ನಂತರ. ಎದ್ದ ಚೆಂಡು ಕ್ಷಣಕಾಲ ಮೇಲೆಯೇ ನಿಂತಿತ್ತು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಮಾಸ್ತರು ಟೋಪಿ ತೆಗೆದು ಇವರ ತಲೆಗೆ ಹಾಕಿದರು.

ಅವತ್ತು ಅವರು ಹೋದ ಮೇಲೆ ಇವರು ನನ್ನನ್ನು ಹತ್ತಿರ ಕರೆದು, "ನಾನು ಮೂರು ದಿನದ ಹಿಂದೇನೇ ಎತ್ತಿದ್ದೆ ಕಣೇ, ಬೆಳಿಗ್ಗೆ, ಯಾರೂ ಇಲ್ದಾಗ" ಎಂದರು.

"ಮತ್ಯಾಕೆ ತೋರಿಸ್ಲಿಲ್ಲ?"

"ನಾನ್ ಗೆದ್‌ಬಿಟ್ರೆ ಅವ್ರು ಬರೋದು ನಿಲ್ಸ್‌ಬಿಡ್ತಾರೆ. ಅವ್ರ ಜೇಬಲ್ಲಿ ಪಂಪ್ ಐತೆ, ನೋಡಿದೀನಿ. ಅವ್ರೂ ಎಳೀಲಿ ಅಂತ... ಇವತ್ತು ಮರ್ತು ಎಳ್ದ್‌ಬಿಟ್ಟೆ."

ಒಬ್ಬರಿಗೆ ತಿಳಿಯದಂತೆ ಒಬ್ಬರು ಉಸಿರು ಕಾಯುತ್ತಿದ್ದ ಆ ಇಬ್ಬರು ಗಂಡಸರನ್ನು ನೆನೆದು, ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಎರಡು ತಿಂಗಳ ಮೇಲೆ ಮನೆಗೆ ಕಳಿಸಿದರು. ರಂಗಸ್ವಾಮಿ ಕಾರು ತಂದಿದ್ದ. ಬೀದಿಯ ತಿರುವಿಗೆ ಬಂದಾಗ ಕೆಂಪು ಕೋಟಿನ ಇಡೀ ತಂಡ ಸಾಲಾಗಿ ನಿಂತಿತ್ತು. ಡ್ರಮ್ಮಿಗೆ ಪೆಟ್ಟು ಬಿದ್ದದ್ದೇ ಎದುರು ಮನೆಯ ಅಜ್ಜಿ ಓಡಿಬಂದು, "ಯಾರ್ ಮದ್ವೇನೇ? ನಂಗ್ಯಾಕೆ ಪತ್ರಿಕೆ ಕೊಡ್ಲಿಲ್ಲ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಇವರು ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರೆ ಬ್ಯಾಂಡು ಅದೇ ನಿಧಾನಕ್ಕೆ ತಾಳ ಹಾಕುತ್ತಿತ್ತು. ಅಷ್ಟು ನಿಧಾನದ ದಿಬ್ಬಣವನ್ನು ತುಮಕೂರು ಎಂದೂ ಕಂಡಿರಲಾರದು. ಗೇಟಿನ ಹತ್ತಿರ ಮಾಸ್ತರು ಎಲ್ಲರನ್ನೂ ನಿಲ್ಲಿಸಿ, ತಾವೇ ಟ್ರಂಪೆಟ್ ಬಾಯಿಗಿಟ್ಟು ಒಂದು ಸಾಲು ನುಡಿಸಿದರು. ಒಂದೇ ಸಾಲು. ಕೊನೆಯ ಸ್ವರ ಕೊಂಚ ಅಲುಗಿತು. ಆದರೂ ತುದಿ ಮುಟ್ಟಿತು. ಪುಟ್ಟಲಕ್ಷ್ಮಿ ನನ್ನ ಮಗಳ ಕೈ ಹಿಡಿದುಕೊಂಡು ಜೋರಾಗಿ ಅಳುತ್ತಿದ್ದಳು.

ಅದಾದ ಮೇಲೆ ಮಾಸ್ತರು ಎರಡು ವರ್ಷಕ್ಕೂ ಮೇಲೆ ನಮ್ಮ ಜೊತೆಗಿದ್ದರು. ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತು ರಾಜಕೀಯ, ಕೊಬ್ಬರಿ ರೇಟು, ಮಂಡಿನೋವು ಎಲ್ಲವನ್ನೂ ಮಾತಾಡುತ್ತಿದ್ದರು. ಅವರ ಹೆಂಡತಿ ಮತ್ತು ನಾನು ಗೋಡೆಯ ಮೇಲೆ ಸಾರಿನ ಬಟ್ಟಲು ಬದಲಾಯಿಸಿಕೊಳ್ಳುತ್ತಿದ್ದೆವು. ಕಳೆದ ಚಳಿಗಾಲದಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ಮಾಸ್ತರು ಹೋಗಿಬಿಟ್ಟರು.

ಮಾಸ್ತರ ಶವ ಹೊತ್ತ ಜನಾಜಾ ಎತ್ತುವಾಗ ಇವರು ಮುಂದೆ ಹೋದರು. ಎಡಗಾಲು ಆಗಲೂ ಕೊಂಚ ಎಳೆಯುತ್ತಿತ್ತು. "ಬೇಡ ಕಣೋ, ಎಡವಿಗಿಡವೀಯ" ಎಂದು ರಂಗಸ್ವಾಮಿ ತೋಳು ಹಿಡಿದ. ಮಾಸ್ತರ ತಮ್ಮ ತಾವಾಗಿಯೇ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನೀರಿನ ಲೋಟ ಎತ್ತಲಾಗದೆ ನನ್ನ ಕೈಯಲ್ಲಿ ಕುಡಿಯುತ್ತಿದ್ದ ಮನುಷ್ಯ ಹೆಗಲು ಕೊಟ್ಟು ಬೀದಿಯ ಕೊನೆಯವರೆಗೂ ನಡೆದದ್ದನ್ನು ನಾನು ಗೇಟಿನಲ್ಲಿ ನಿಂತು ನೋಡಿದೆ...

ಮಾಸ್ತರ ಹೆಂಡತಿ ಮಗಳ ಊರಿಗೆ ಹೋದರು. ಈಗ ಆ ಮನೆಯಲ್ಲಿ ಹೊಸ ಸಂಸಾರ ಇದೆ. ಒಳ್ಳೆಯ ಜನ. ಮೊನ್ನೆ ಆ ಮನೆಯ ಹುಡುಗಿ ಬಟ್ಟೆ ಒಣಹಾಕುತ್ತಾ, "ಇಲ್ಲಿ ನಮಗಿಂತ ಮುಂಚೆ ಯಾರಿದ್ರು ಆಂಟಿ?" ಎಂದು ಕೇಳಿದಳು. "ನಮ್ಮ ಮನೆಯವರ ಸ್ನೇಹಿತರಿದ್ರು ಕಣಮ್ಮ" ಎಂದೆ. ಒಳಗೆ ಬಂದ ಮೇಲೆ ಹೊಳೆಯಿತು, ಆ ಮಾತನ್ನು ಅವರು ಬದುಕಿದ್ದಾಗ ಅವರ ಮುಂದೆ ನಾವಿಬ್ಬರೂ ಒಂದು ಸಲವೂ ಆಡಿರಲಿಲ್ಲ.